ತೆರಿಗೆ ಕಟ್ಟಿದವರು ನದಿಗೆ ವಿಷ ಬಿಡಬಹುದು ಅಂತಾನಾ ಇದರ ಅರ್ಥ?

ಹೊಸಪುಟ:

ಎಲ್ಲರಿಗೂ ನಮಸ್ಕಾರ. ಈ ವರ್ಷ ಅರ್ಥಶಾಸ್ತ್ರ ಓದುತ್ತಿದ್ದೇನೆ. ಎಕ್ಸ್‌ಟರ್ನಾಲಿಟಿ, ಅಂದರೆ ಬಾಹ್ಯ ಪರಿಣಾಮ, ಅನ್ನೋ ಪಾಠದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ವ್ಯಾಖ್ಯಾನ ಗೊತ್ತು. ಇಬ್ಬರು ಸೇರಿ ವ್ಯಾಪಾರ ಮಾಡುತ್ತಾರೆ, ಅದರ ಪೆಟ್ಟು ಮೂರನೆಯವರ ಮೇಲೆ ಬೀಳುತ್ತದೆ, ಆ ಮೂರನೆಯವರನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ ಲಾಭ, ಕೊಳ್ಳುವವರಿಗೆ ಅಗ್ಗದ ಬಟ್ಟೆ, ಆದರೆ ನದಿಯ ಕೆಳಗಡೆ ಬಲೆ ಬೀಸುವವರಿಗೆ ಮೀನಿಲ್ಲ. ಇಲ್ಲಿಯವರೆಗೆ ಸರಿ.

ಆಮೇಲೆ ಪುಸ್ತಕ ಹೇಳುತ್ತದೆ, ಆ ಹಾನಿಯಷ್ಟೇ ತೆರಿಗೆ ಹಾಕಿದರೆ ತಪ್ಪು ಸರಿಯಾಗುತ್ತದೆ ಅಂತ. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಕಾರ್ಖಾನೆ ತೆರಿಗೆ ಕಟ್ಟಿ ಬಣ್ಣದ ನೀರು ಬಿಡುತ್ತಲೇ ಇರಬಹುದು ಅಲ್ವಾ? ದುಡ್ಡು ಖಜಾನೆಗೆ ಹೋಯಿತು, ಬಲೆ ಬೀಸುವವನಿಗೆ ಏನು ಸಿಕ್ಕಿತು? ಸುಮ್ನೆ ನಿಷೇಧ ಹಾಕಿಬಿಟ್ಟರೆ ಆಗಲ್ವಾ? ಅದರ ಜೊತೆಗೆ 'ಸೂಕ್ತ ಪ್ರಮಾಣದ ಮಾಲಿನ್ಯ' ಅಂತ ಬೇರೆ ಒಂದು ಮಾತಿದೆ. ಮಾಲಿನ್ಯದಲ್ಲಿ ಸೂಕ್ತ ಪ್ರಮಾಣ ಅಂದರೇನು? ಮುಂದಿನ ಪುಟದಲ್ಲಿ ಕೋಸ್ ಅನ್ನುವವರು ಬಂದು, ಸರ್ಕಾರ ಬೇಕಾಗಿಯೇ ಇಲ್ಲ, ಅವರವರೇ ಮಾತಾಡಿಕೊಳ್ಳುತ್ತಾರೆ ಅನ್ನುತ್ತಾರೆ. ಯಾರ ಮಾತು ಸರಿ? ಪರೀಕ್ಷೆಗೆ ಬರೆಯೋದಕ್ಕೆ ಅಲ್ಲ, ನಿಜವಾಗಿಯೂ ತಿಳಿಯಬೇಕು.

ಲೆಕ್ಕದ ಹಾಳೆ:

ಒಳ್ಳೆಯ ಪ್ರಶ್ನೆ. ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ.

ಎರಡು ಕಾರ್ಖಾನೆ ಇವೆ ಅಂದುಕೊಳ್ಳಿ. ಎರಡೂ 10 ಟನ್ ಹೊಗೆ ಬಿಡುತ್ತವೆ. ಮೊದಲನೆಯದು ಹೊಸದು, ಒಂದು ಟನ್ ಕಡಿಮೆ ಮಾಡಲು ಅದಕ್ಕೆ 20 ಖರ್ಚು. ಎರಡನೆಯದು ಹಳೆಯದು, ಅದಕ್ಕೆ ಟನ್ನಿಗೆ 80 ಖರ್ಚು. ಒಟ್ಟು 10 ಟನ್ ಕಡಿಮೆಯಾಗಬೇಕು. 'ಇಬ್ಬರೂ ಐದೈದು ಟನ್ ಇಳಿಸಿ' ಅಂತ ಆದೇಶ ಮಾಡಿದರೆ ಖರ್ಚು 100 ಮತ್ತು 400, ಒಟ್ಟು 500. ಅದರ ಬದಲು ಟನ್ನಿಗೆ 50 ತೆರಿಗೆ ಹಾಕಿ. ಹೊಸ ಕಾರ್ಖಾನೆಗೆ ತೆರಿಗೆಗಿಂತ ಶುದ್ಧೀಕರಣವೇ ಅಗ್ಗ, ಅದು ಹತ್ತೂ ಟನ್ ಇಳಿಸುತ್ತದೆ. ಅದಕ್ಕೆ ಖರ್ಚು 200. ಹಳೆಯದು ಏನೂ ಇಳಿಸದೆ 500 ತೆರಿಗೆ ಕಟ್ಟುತ್ತದೆ. ಆದೇಶ ಮಾಡಿದರೂ ತೆರಿಗೆ ಹಾಕಿದರೂ ಗಾಳಿಗೆ ಹೋದ ಒಟ್ಟು ಹೊಗೆ ಒಂದೇ. ಕೆಲಸಕ್ಕೆ ತಗುಲಿದ ನಿಜವಾದ ಖರ್ಚು ಮಾತ್ರ 500ರಿಂದ 200ಕ್ಕೆ ಇಳಿಯಿತು. ತೆರಿಗೆಯ 500 ಎಲ್ಲೂ ಸುಟ್ಟುಹೋಗಿಲ್ಲ, ಒಬ್ಬರ ಕೈಯಿಂದ ಖಜಾನೆಗೆ ಬಂದಿದೆ. ಯಾವ ಕಾರ್ಖಾನೆಗೆ ಎಷ್ಟು ಖರ್ಚಾಗುತ್ತದೆ ಅಂತ ಅಧಿಕಾರಿಗೆ ಗೊತ್ತಿರಬೇಕಾಗಿಯೂ ಇಲ್ಲ. ಅವರವರ ಲೆಕ್ಕ ಅವರೇ ಮಾಡಿಕೊಳ್ಳುತ್ತಾರೆ.

ಇನ್ನೂ ಒಂದಿದೆ. ಮಿತಿ ಹಾಕಿದರೆ ಮಿತಿ ಮುಟ್ಟಿದ ದಿನವೇ ಕೆಲಸ ಮುಗಿಯಿತು, ಅದಕ್ಕಿಂತ ಕೆಳಗೆ ಇಳಿಯಲು ಕಾರಣವೇ ಇಲ್ಲ. ತೆರಿಗೆ ಹಾಗಲ್ಲ. ಉಳಿದಿರೋ ಒಂದೊಂದು ಟನ್ನಿಗೂ ಪ್ರತಿ ವರ್ಷ ಬಿಲ್ ಬರುತ್ತಲೇ ಇರುತ್ತದೆ. ಹಳೆಯ ಕಾರ್ಖಾನೆಯ ಮಾಲೀಕ ಪ್ರತಿ ವರ್ಷ ಆ 500 ನೋಡಿ, ಹೊಸ ಯಂತ್ರ ಹಾಕಿದರೆ ಎಷ್ಟು ಉಳಿಯುತ್ತದೆ ಅಂತ ಯೋಚಿಸಲೇಬೇಕಾಗುತ್ತದೆ.

'ಸೂಕ್ತ ಮಾಲಿನ್ಯ' ಅನ್ನೋ ಹೆಸರು ನನಗೂ ಹಿಡಿಸುವುದಿಲ್ಲ, ಆದರೆ ಒಳಗಿನ ವಿಚಾರ ಸರಿಯಾಗಿದೆ. ಸೊನ್ನೆ ಹೊಗೆ ಅಂದರೆ ಆಂಬುಲೆನ್ಸ್ ಕೂಡ ಓಡಬಾರದು. ಮೊದಲ ಟನ್ ಇಳಿಸೋದು ಸುಲಭ, ಕೊನೆಯ ಟನ್ ತುಂಬಾ ದುಬಾರಿ. ಇನ್ನೊಂದು ಟನ್ ಇಳಿಸುವ ಖರ್ಚು ಆ ಟನ್ ಮಾಡುವ ಹಾನಿಗಿಂತ ಜಾಸ್ತಿಯಾಗುವ ಜಾಗ ಯಾವುದು, ಅಲ್ಲಿ ನಿಲ್ಲಿ ಅಂತ ಹೇಳುವುದು. ಅಷ್ಟೇ. 1920ರಲ್ಲಿ ಕೇಂಬ್ರಿಡ್ಜ್‌ನ ಅರ್ಥಶಾಸ್ತ್ರಜ್ಞ ಪಿಗೂ ಇದನ್ನು ವಿವರವಾಗಿ ಬರೆದರು. ರೈಲ್ವೆ ಎಂಜಿನ್ನಿನ ಕಿಡಿ ಹಾರಿ ಹಳಿಯ ಪಕ್ಕದ ಕಾಡಿಗೆ ಆಗುವ ನಷ್ಟ ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು.

ಇದು ಕಾಗದದ ಮೇಲೆ ಮಾತ್ರ ಅಂದುಕೊಳ್ಳಬೇಡಿ. ಆಮ್ಲಮಳೆ ತಡೆಯಲು ಅಮೆರಿಕ 1990ರಲ್ಲಿ ಕಾಯ್ದೆ ಮಾಡಿ, 1995ರಿಂದ ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆಗೆ ಪರ್ಮಿಟ್ ಪದ್ಧತಿ ತಂದಿತು. ತೆರಿಗೆಯ ಬದಲು ಅಲ್ಲಿ ಒಟ್ಟು ಪ್ರಮಾಣಕ್ಕೆ ಮಿತಿ ಹಾಕಿ, ಒಂದು ಟನ್ನಿಗೆ ಒಂದು ಪರ್ಮಿಟ್ ಅಂತ ಹಂಚಿದರು. ಅಗ್ಗವಾಗಿ ಇಳಿಸಬಲ್ಲವರು ಇಳಿಸಿ ಉಳಿದ ಪರ್ಮಿಟ್ ಮಾರಿದರು, ಆಗದವರು ಕೊಂಡರು. ಹೊಗೆ ಇಳಿಯಿತು, ಖರ್ಚು ಮೊದಲು ಅಂದಾಜು ಮಾಡಿದ್ದಕ್ಕಿಂತ ಬಹಳ ಕಡಿಮೆ ಬಂತು. ಅದರ ಪೂರ್ತಿ ಶ್ರೇಯ ಪರ್ಮಿಟ್ ಮಾರುಕಟ್ಟೆಗೆ ಸೇರುವುದಿಲ್ಲ ಅನ್ನೋದನ್ನೂ ಹೇಳಬೇಕು. ರೈಲು ಸಾಗಣೆಯ ದರದ ಮೇಲಿದ್ದ ಸರ್ಕಾರಿ ಹಿಡಿತ ಸಡಿಲವಾಗಿ, ಅಲ್ಲಿನ ವಯೋಮಿಂಗ್ ರಾಜ್ಯದ ಕಡೆಯ ಕಡಿಮೆ ಗಂಧಕದ ಕಲ್ಲಿದ್ದಲು ದೂರದೂರದ ಸ್ಥಾವರಗಳಿಗೂ ಅಗ್ಗವಾಗಿ ಸಿಗತೊಡಗಿತ್ತು.

ಹೊಸಪುಟ:

ಲೆಕ್ಕ ಅರ್ಥವಾಯಿತು, ಧನ್ಯವಾದ. ಆದರೆ ಒಂದು ಅನುಮಾನ. ನಿಮ್ಮ ಲೆಕ್ಕದಲ್ಲಿ ಹಳೆಯ ಕಾರ್ಖಾನೆ ಹತ್ತೂ ಟನ್ ಬಿಡುತ್ತಲೇ ಇದೆ. ಅದರ ಪಕ್ಕದಲ್ಲೇ ಮನೆ ಇರುವವರ ಗತಿ ಏನು? ಒಟ್ಟು ಲೆಕ್ಕ ಸರಿ ಇದ್ದರೂ ಅವರ ಎದೆಗೆ ಹೋಗುವ ಹೊಗೆ ಕಡಿಮೆಯಾಗಲಿಲ್ಲವಲ್ಲ.

ಲೆಕ್ಕದ ಹಾಳೆ:

ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದೀರಿ. ನನ್ನ ಲೆಕ್ಕ ಸರಿಹೋಗುವುದು ಹೊಗೆ ಎಲ್ಲಿ ಬಿಟ್ಟರೂ ಹಾನಿ ಒಂದೇ ಆಗಿದ್ದಾಗ. ಇಂಗಾಲದ ಡೈಆಕ್ಸೈಡ್ ಹಾಗೆ. ಭೂಮಿಯ ಯಾವ ಮೂಲೆಯಲ್ಲಿ ಬಿಟ್ಟರೂ ಅದು ಇಡೀ ವಾತಾವರಣಕ್ಕೆ ಬೆರೆಯುತ್ತದೆ. ಅದಕ್ಕೇ ಕಾರ್ಬನ್‌ಗೆ ತೆರಿಗೆ ಅಥವಾ ಪರ್ಮಿಟ್ ಚೆನ್ನಾಗಿ ಹೊಂದುತ್ತದೆ. ಫಿನ್‌ಲ್ಯಾಂಡ್ 1990ರಲ್ಲಿ, ಸ್ವೀಡನ್ 1991ರಲ್ಲಿ ಕಾರ್ಬನ್ ತೆರಿಗೆ ಶುರು ಮಾಡಿದವು. ಮಸಿ, ಸೀಸ, ಬಣ್ಣದ ನೀರು ಇವೆಲ್ಲ ಬೇರೆ. ಇವು ಬಿದ್ದ ಜಾಗದಲ್ಲೇ ಕೊಲ್ಲುತ್ತವೆ. ಅಲ್ಲಿ ತೆರಿಗೆಯ ಜೊತೆಗೆ, ಯಾವ ಜಾಗದಲ್ಲೂ ಇಷ್ಟಕ್ಕಿಂತ ಮೇಲೆ ಹೋಗುವಂತಿಲ್ಲ ಅನ್ನೋ ಗೆರೆ ಬೇಕೇ ಬೇಕು.

ಕೆಲವು ಕಡೆ ನಿಷೇಧವೇ ಸರಿ. ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದುದನ್ನೇ ನೋಡಿ. ಅದು ಮಕ್ಕಳ ಮಿದುಳಿಗೆ ಮಾಡುವ ಹಾನಿಗೆ ಸುರಕ್ಷಿತ ಪ್ರಮಾಣ ಅನ್ನೋದೇ ಇಲ್ಲ, ಬದಲಿ ದಾರಿಯೂ ಸಿಕ್ಕಿತ್ತು. ಒಂದೊಂದಾಗಿ ದೇಶಗಳು ನಿಲ್ಲಿಸಿದವು, 2021ರಲ್ಲಿ ಅಲ್ಜೀರಿಯಾ ಕೊನೆಯದಾಗಿ ನಿಲ್ಲಿಸಿತು. ಕೊನೆಯ ಟನ್ ಕೂಡ ಅದರ ಶುದ್ಧೀಕರಣದ ಖರ್ಚಿಗಿಂತ ಜಾಸ್ತಿ ಹಾನಿ ಮಾಡುತ್ತದೆ ಅಂತಾದರೆ, ಪಿಗೂ ಲೆಕ್ಕವೇ ನಿಮ್ಮನ್ನು ಸೊನ್ನೆಗೆ ಕರೆದುಕೊಂಡು ಹೋಗುತ್ತದೆ.

ಹಿತ್ತಲ ಗೋಡೆ:

ಕೋಸ್ ಬಗ್ಗೆ ನಾನು ಹೇಳುತ್ತೇನೆ. ಅವರ ಹೆಸರಲ್ಲಿ ಅವರು ಹೇಳದ ಮಾತೇ ಜಾಸ್ತಿ ಓಡಾಡುತ್ತಿದೆ, ಅದು ನೋಡಿ ಬೇಜಾರಾಗುತ್ತದೆ.

1960ರ ಲೇಖನದಲ್ಲಿ ಅವರು ಲಂಡನ್ನಿನ ಒಂದು ಹಳೆಯ ಮೊಕದ್ದಮೆ ತೆಗೆದುಕೊಳ್ಳುತ್ತಾರೆ. ತೀರ್ಪು ಬಂದದ್ದು 1879ರಲ್ಲಿ. ಒಬ್ಬ ಮಿಠಾಯಿಗಾರ. ಅವನ ಅಡುಗೆಮನೆಯಲ್ಲಿ ಕುಟ್ಟುವ ಒರಳುಗಳು, 20 ವರ್ಷಕ್ಕೂ ಮೇಲೆ ಅಲ್ಲೇ ನಡೆಯುತ್ತಿದ್ದವು. ಪಕ್ಕದ ಮನೆಗೆ ಒಬ್ಬ ವೈದ್ಯ ಬಂದ. ಬಂದು ಎಷ್ಟೋ ವರ್ಷ ತೊಂದರೆ ಆಗಲಿಲ್ಲ. ಆಮೇಲೆ ಅವನು ತನ್ನ ತೋಟದ ತುದಿಯಲ್ಲಿ, ಮಿಠಾಯಿಗಾರನ ಅಡುಗೆಮನೆಯ ಗೋಡೆಗೆ ತಾಗಿಕೊಂಡೇ, ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ. ಒರಳಿನ ಸದ್ದು, ಗೋಡೆಯ ನಡುಕ. ರೋಗಿಯ ಎದೆಗೆ ಕಿವಿಗೊಟ್ಟು ಕೇಳಬೇಕಾದ ಮನುಷ್ಯನಿಗೆ ಕೇಳಿಸುವುದು ಒರಳಿನ ಧಡ್ ಧಡ್. ಕೋರ್ಟಿಗೆ ಹೋದ, ಗೆದ್ದ.

ಕೋಸ್ ಕೇಳುವ ಪ್ರಶ್ನೆ ಹೀಗಿದೆ. ತೊಂದರೆ ಕೊಟ್ಟವರು ಯಾರು? ಒರಳು ಇಲ್ಲದಿದ್ದರೆ ತೊಂದರೆ ಇಲ್ಲ, ನಿಜ. ಕೋಣೆ ಇಲ್ಲದಿದ್ದರೂ ತೊಂದರೆ ಇಲ್ಲ, ಅದೂ ನಿಜ. ವೈದ್ಯನನ್ನು ಕಾಪಾಡಿದರೆ ಮಿಠಾಯಿಗಾರನಿಗೆ ಪೆಟ್ಟು. ಇಬ್ಬರಲ್ಲಿ ಯಾರ ಪೆಟ್ಟು ದೊಡ್ಡದು ಅಂತ ನೋಡಬೇಕು. ಒರಳು ನಿಂತರೆ ಮಿಠಾಯಿಗಾರನಿಗೆ ಆಗುವ ನಷ್ಟ, ವೈದ್ಯ ಕೋಣೆಯನ್ನು ಬೇರೆ ಕಡೆ ಹಾಕುವ ಖರ್ಚಿಗಿಂತ ಜಾಸ್ತಿ ಅಂದುಕೊಳ್ಳಿ. ಆಗ ತೀರ್ಪು ವೈದ್ಯನ ಕಡೆ ಬಂದರೂ ಮಿಠಾಯಿಗಾರ ಅವನಿಗೆ ಹಣ ಕೊಟ್ಟು ಒಪ್ಪಿಸಿ ಒರಳು ಮುಂದುವರಿಸಬಹುದು. ಹಕ್ಕು ಯಾರದು ಅನ್ನೋದು ಸ್ಪಷ್ಟವಾಗಿದ್ದು, ಮಾತುಕತೆಗೆ ಖರ್ಚೇ ಇಲ್ಲ ಅಂತಾದರೆ, ತೀರ್ಪು ಯಾರ ಕಡೆ ಬಂದರೂ ಕೊನೆಗೆ ಒರಳು ನಡೆಯುವುದೋ ನಿಲ್ಲುವುದೋ ಅನ್ನೋದು ಒಂದೇ ಆಗಿರುತ್ತದೆ. ಬದಲಾಗುವುದು ಯಾರು ಯಾರಿಗೆ ಹಣ ಕೊಡುತ್ತಾರೆ ಅನ್ನೋದು.

ಈಗ ಆ 'ಮಾತುಕತೆಗೆ ಖರ್ಚೇ ಇಲ್ಲ ಅಂತಾದರೆ' ಅನ್ನೋದರ ಮೇಲೆ ಬೆರಳಿಡಿ. ಕೋಸ್ ಲೇಖನದ ಉಳಿದ ಭಾಗದಲ್ಲಿ ಬಹಳಷ್ಟು ನಿಜ ಜೀವನದಲ್ಲಿ ಆ ಖರ್ಚು ಇರುವುದರಿಂದ ಏನಾಗುತ್ತದೆ ಅನ್ನೋದರ ಬಗ್ಗೆ ಇದೆ. ಒಂದು ಗೋಡೆ, ಎರಡು ಮನೆ ಇದ್ದಾಗ ಕೂತು ಮಾತಾಡಬಹುದು. ಹೊಗೆ ಕುಡಿಯುವವರು ಹತ್ತು ಲಕ್ಷ ಜನ ಇದ್ದರೆ ಯಾರು ಯಾರನ್ನು ಸೇರಿಸುತ್ತಾರೆ, ವಕೀಲರಿಗೆ ದುಡ್ಡು ಯಾರು ಹಾಕುತ್ತಾರೆ? ಬೇರೆಯವರು ಹೋರಾಡಲಿ, ಬಂದ ಶುದ್ಧ ಗಾಳಿ ನನಗೂ ಸಿಗುತ್ತದೆ ಅಂತ ಪ್ರತಿಯೊಬ್ಬರೂ ಕೂತರೆ ಅಲ್ಲಿಗೇ ಮುಗಿಯಿತು. ಇನ್ನೂ ಹುಟ್ಟದ ಮಕ್ಕಳ ಪರವಾಗಿ ಆ ಮೇಜಿನಲ್ಲಿ ಕೂರುವವರೂ ಇಲ್ಲ. ಹಾಗಾಗಿ ಪಿಗೂ ಸರಿಯೋ ಕೋಸ್ ಸರಿಯೋ ಅಂತ ಆರಿಸುವ ಬದಲು ಮೊದಲು ಜನರನ್ನು ಎಣಿಸಿ. ಇಬ್ಬರು ಮೂವರು ಇದ್ದರೆ ಹಕ್ಕನ್ನು ಸ್ಪಷ್ಟ ಮಾಡಿ ಬಿಟ್ಟುಬಿಡಿ. ಸಾವಿರಾರು ಜನ ಇದ್ದರೆ ಸರ್ಕಾರ ಬರಲೇಬೇಕು.

ಒಳ್ಳೆಯ ಪರಿಣಾಮಕ್ಕೂ ಇದೇ ಮಾತು. ಜೇನ್ನೊಣ ಮತ್ತು ಸೇಬಿನ ತೋಟದ ಕಥೆ ನಿಮ್ಮ ಪುಸ್ತಕದಲ್ಲೂ ಇರಬಹುದು. ಜೇನು ಸಾಕುವವನಿಗೂ ತೋಟದವನಿಗೂ ಪರಸ್ಪರ ಲಾಭ, ಆದರೆ ಅದಕ್ಕೆ ಯಾರೂ ಹಣ ಕೊಡುವುದಿಲ್ಲ ಅಂತ 1952ರಲ್ಲಿ ಅರ್ಥಶಾಸ್ತ್ರಜ್ಞ ಮೀಡ್ ಬರೆದರು. 1973ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಸ್ಟೀವನ್ ಚುಂಗ್ ಹೋಗಿ ನೋಡಿದರೆ, ವಾಷಿಂಗ್ಟನ್ ರಾಜ್ಯದ ತೋಟದವರು ಜೇನುಗೂಡನ್ನು ಬಾಡಿಗೆಗೆ ತರಿಸುತ್ತಿದ್ದರು, ಒಪ್ಪಂದ ಎಲ್ಲ ಇತ್ತು. ಲಸಿಕೆಗೆ ಇದು ನಡೆಯಲ್ಲ. ನಾನು ಲಸಿಕೆ ಹಾಕಿಸಿಕೊಂಡಿದ್ದರಿಂದ ಯಾರಿಗೆ ಸೋಂಕು ತಗುಲಲಿಲ್ಲ ಅಂತ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಅದಕ್ಕೇ ಅದನ್ನು ಸರ್ಕಾರ ಉಚಿತವಾಗಿ ಕೊಡುವುದು ನ್ಯಾಯ.

ಬ್ಲೋವರ್ ಸದ್ದು:

ಮೇಲಿನವರು ಹೇಳಿದ್ದೆಲ್ಲ ಒಪ್ಪಿದೆ. ಆದರೆ ಯಾರೂ ಅಳತೆಯ ಮಾತು ಎತ್ತಲಿಲ್ಲ. ನನ್ನ ಪ್ರಕಾರ ಎಲ್ಲ ನಿಂತಿರುವುದು ಅದರ ಮೇಲೆ.

ನಾನು ಕೆಲವು ವರ್ಷ ಒಂದು ಕಾರ್ಖಾನೆಯ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಕೆಲಸ ಮಾಡಿದ್ದೇನೆ. ಅಲ್ಲಿ ದೊಡ್ಡ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಸಾಕುತ್ತಾರೆ, ಕೊಳೆಯನ್ನು ತಿನ್ನುವುದು ಅವೇ. ಅವಕ್ಕೆ ಉಸಿರಾಡಲು ಗಾಳಿ ಬೇಕು. ಅದಕ್ಕೆ ಬ್ಲೋವರ್ ಹಗಲು ರಾತ್ರಿ ಓಡಬೇಕು. ಘಟಕದ ಕರೆಂಟ್ ಬಿಲ್ಲಿನಲ್ಲಿ ದೊಡ್ಡ ಪಾಲು ಅದರದೇ. ಹಾಗಾಗಿ ರಾತ್ರಿ ಅದನ್ನು ಆರಿಸಿಬಿಡುತ್ತಿದ್ದರು. ತಪಾಸಣೆಗೆ ಬರುತ್ತಾರೆ ಅನ್ನೋ ಸುದ್ದಿ ಬಂದ ದಿನ ಮಾತ್ರ ಬೆಳಗ್ಗೆಯೇ ಬ್ಲೋವರ್ ಸದ್ದು ಕೇಳಿಸುತ್ತಿತ್ತು. ಬಂದವರು ನೋಡುವಾಗ ತೊಟ್ಟಿಯ ತುಂಬ ಗುಳ್ಳೆ ಏಳುತ್ತಿರುತ್ತದೆ, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಗಾಳಿ ಇಲ್ಲದೆ ಸತ್ತ ಬ್ಯಾಕ್ಟೀರಿಯಾ ಮತ್ತೆ ಬೆಳೆಯಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು. ಅಂದರೆ ಆ ಗುಳ್ಳೆಗಳ ಕೆಳಗೆ ನೀರು ಹಾಗೇ ನದಿಗೆ ಹೋಗುತ್ತಿತ್ತು. ಆ ಕೆಲಸ ಬಿಟ್ಟು ಬಹಳ ಕಾಲವಾಯಿತು, ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಈಗ ಹೇಳಿ, ಅಲ್ಲಿ ಟನ್ನಿಗೆ ಇಷ್ಟು ಅಂತ ತೆರಿಗೆ ಹಾಕಿದ್ದರೆ ಯಾವ ಟನ್ ಎಣಿಸುತ್ತಿದ್ದರು? ಲೆಕ್ಕದ ಹಾಳೆಯವರು ಹೇಳಿದ ಅಮೆರಿಕದ ಗಂಧಕ ಯೋಜನೆ ಕೆಲಸ ಮಾಡಿದ್ದರ ಗುಟ್ಟು ನನ್ನ ಕಣ್ಣಿಗೆ ಕಾಣುವುದು ಇಲ್ಲೇ. ಆ ಸ್ಥಾವರಗಳ ಚಿಮಣಿಯಲ್ಲೇ ನಿರಂತರವಾಗಿ ಅಳೆಯುವ ಮೀಟರ್ ಕೂರಿಸಿದ್ದರು, ಪರ್ಮಿಟ್ ಮೀರಿದ ಪ್ರತಿ ಟನ್ನಿಗೆ 2,000 ಡಾಲರ್ ದಂಡ ಅಂತ ಕಾಯ್ದೆಯಲ್ಲೇ ಬರೆದಿದ್ದರು. ಅಧಿಕಾರಿಯ ಮುಖ ನೋಡಿ ದಂಡ ಕಡಿಮೆಯಾಗುವಂತಿರಲಿಲ್ಲ.

ಅಳೆಯೋದು ಕಷ್ಟವಾದ ಕಡೆ ಬೇರೆ ದಾರಿ ಹುಡುಕಬೇಕು. ಸಾವಿರಾರು ಹೊಲಗಳಿಂದ ಹರಿದು ಬರುವ ಗೊಬ್ಬರಕ್ಕೆ ಮೀಟರ್ ಎಲ್ಲಿ ಇಡುತ್ತೀರಿ? ಗೊಬ್ಬರದ ಚೀಲಕ್ಕೇ ತೆರಿಗೆ ಹಾಕಬೇಕಾಗುತ್ತದೆ, ಇಲ್ಲವೇ ನದಿಯ ದಂಡೆಯಲ್ಲಿ ಇಷ್ಟು ಜಾಗ ಉಳದೆ ಹಸಿರಾಗಿ ಬಿಡಬೇಕು ಅಂತ ನಿಯಮ ಮಾಡಬೇಕಾಗುತ್ತದೆ. ಪೂರ್ತಿ ಸರಿಹೋಗಲ್ಲ, ಆದರೆ ನೋಡಿ ಖಚಿತ ಮಾಡಿಕೊಳ್ಳಬಹುದು.

ದಾರಿಹೋಕ:

'ದುಡ್ಡು ಕಟ್ಟಿದರೆ ಮಾಡಬಹುದು' ಅನ್ನೋ ಹೊಸಪುಟ ಅವರ ಭಯಕ್ಕೆ ನಿಜವಾದ ಒಂದು ಆಧಾರ ಇದೆ. ಇಸ್ರೇಲ್‌ನ ಹೈಫಾದಲ್ಲಿ 10 ಶಿಶುವಿಹಾರಗಳಲ್ಲಿ ಗ್ನೀಜಿ ಮತ್ತು ರುಸ್ಟಿಕಿನಿ ಎಂಬಿಬ್ಬರು ಒಂದು ಪ್ರಯೋಗ ಮಾಡಿದರು, 2000ರಲ್ಲಿ ಅದು ಪ್ರಕಟವಾಯಿತು. ಮಗುವನ್ನು ಕರೆದುಕೊಂಡು ಹೋಗಲು ತಂದೆತಾಯಿ ತಡವಾಗಿ ಬಂದರೆ ಟೀಚರ್ ಕಾಯಬೇಕು. ಆರು ಕಡೆ ತಡವಾದವರಿಗೆ ಸಣ್ಣ ದಂಡ ಹಾಕಿದರು. ತಡ ಮಾಡುವವರು ಕಡಿಮೆಯಾಗುವ ಬದಲು ಸುಮಾರು ಎರಡರಷ್ಟಾದರು. ಮೊದಲು ಇದ್ದ 'ಪಾಪ, ಟೀಚರ್ ಕಾಯ್ತಾ ಇರ್ತಾರೆ' ಅನ್ನೋ ಸಂಕೋಚ ಹೋಗಿ, ಅದೊಂದು ಸೇವೆಯ ಬೆಲೆ ಆಗಿಬಿಟ್ಟಿತು. ದಂಡ ತೆಗೆದ ಮೇಲೂ ಅವರು ಹಳೆಯ ಅಭ್ಯಾಸಕ್ಕೆ ಮರಳಲಿಲ್ಲ.

ಇನ್ನೊಂದು ಕಡೆ ನೋಡಿ. ಐರ್ಲೆಂಡ್ 2002ರಲ್ಲಿ ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ಶುಲ್ಕ ಹಾಕಿತು. ಬಳಕೆ ಶೇ. 90ಕ್ಕಿಂತ ಜಾಸ್ತಿ ಇಳಿಯಿತು. ಅಲ್ಲೂ ಮೊತ್ತ ಸಣ್ಣದೇ. ನನಗನ್ನಿಸುವ ವ್ಯತ್ಯಾಸ ಇದು. ಚೀಲದ ವಿಷಯದಲ್ಲಿ ಮೊದಲು ಯಾರಿಗೂ ಸಂಕೋಚ ಇರಲಿಲ್ಲ, ಶುಲ್ಕ ಬಂದು ಅದನ್ನು ಹುಟ್ಟಿಸಿತು. ಶಿಶುವಿಹಾರದಲ್ಲಿ ಸಂಕೋಚ ಇತ್ತು, ದಂಡ ಬಂದು ಅದನ್ನು ಅಳಿಸಿತು. ಕಾರ್ಖಾನೆಗೆ ಸಂಕೋಚವನ್ನು ನಂಬಿಕೊಂಡು ಕೂರೋಕೆ ಆಗಲ್ಲ, ಅಲ್ಲಿ ಬೆಲೆಯೇ ಮಾತಾಡಬೇಕು. ಆದರೆ ಆ ಬೆಲೆ ಹಾನಿಗೆ ಸಮನಾಗಿರಬೇಕು. ಹಾನಿಗಿಂತ ತೀರಾ ಕಡಿಮೆ ಇದ್ದರೆ ನೀವು ಹೇಳಿದ ಹಾಗೆ ಅದು ವಿಷ ಬಿಡುವ ಲೈಸೆನ್ಸೇ.

ಪರ್ಮಿಟ್ ಜಾಸ್ತಿ ಹಂಚಿದರೂ ಅದೇ ಗತಿ. ಯುರೋಪಿನ ಕಾರ್ಬನ್ ಮಾರುಕಟ್ಟೆ 2005ರಲ್ಲಿ ಶುರುವಾಯಿತು. ನಿಜವಾದ ಹೊಗೆಗಿಂತ ಹಂಚಿದ ಪರ್ಮಿಟ್ಟೇ ಜಾಸ್ತಿ ಅಂತ 2006ರಲ್ಲಿ ಲೆಕ್ಕ ಹೊರಬಂತು, ಬೆಲೆ ಕುಸಿಯಿತು, 2007ರಲ್ಲಿ ಸೊನ್ನೆಯ ಹತ್ತಿರ ಬಂತು. ಆಮೇಲೆ ನಿಯಮ ಬಿಗಿ ಮಾಡಿದರು.

ಹೊಸಪುಟ:

ಬ್ಲೋವರ್ ಸದ್ದು ಅವರೇ, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಪಾಠದಲ್ಲಿ ಇಂಥದ್ದು ಒಂದು ಸಾಲೂ ಇಲ್ಲ. ಎರಡು ಗೆರೆ ಒಂದನ್ನೊಂದು ಕತ್ತರಿಸುತ್ತವೆ, ಅಲ್ಲಿಗೆ ಮುಗಿಯುತ್ತದೆ.

ಒಂದೇ ಪ್ರಶ್ನೆ ಉಳಿದಿದೆ, ನಾನು ಶುರು ಮಾಡಿದ್ದು ಅದರಿಂದಲೇ. ಬಲೆ ಬೀಸುವವನಿಗೆ ಏನು ಸಿಕ್ಕಿತು?

ಲೆಕ್ಕದ ಹಾಳೆ:

ಪಿಗೂ ತೆರಿಗೆಯಲ್ಲಿ ಅವನಿಗೆ ಸಿಗುವುದು ಮೊದಲಿಗಿಂತ ಶುದ್ಧವಾದ ನೀರು. ಹಣ ಸಿಗಬೇಕು ಅಂತ ಆ ಸಿದ್ಧಾಂತ ಹೇಳುವುದಿಲ್ಲ. ಹಾನಿಯಾದವರಿಗೆಲ್ಲ ಪೂರ್ತಿ ಪರಿಹಾರ ಕೊಡುತ್ತಾ ಹೋದರೆ, ಕೊಳಕು ನೀರಿನಿಂದ ದೂರ ಹೋಗಲು ಯಾರಿಗೂ ಕಾರಣ ಉಳಿಯುವುದಿಲ್ಲ, ಹೊಸಬರೂ ಅಲ್ಲಿಗೇ ಬಂದು ಸೇರಬಹುದು ಅಂತ ಒಂದು ವಾದ ಇದೆ. ವಾದ ತರ್ಕಕ್ಕೆ ಸರಿ. ಆದರೆ ಕಾರ್ಖಾನೆ ಬರುವ ಮೊದಲೇ ಅಲ್ಲಿ ಇದ್ದವರಿಗೆ ಅದು ಹೇಗೆ ಅನ್ವಯಿಸುತ್ತದೆ ಅಂತ ನನಗೆ ಯಾವತ್ತೂ ಅರ್ಥವಾಗಿಲ್ಲ. ಅವರಿಗೆ ಒಂದು ಸಲದ ಪರಿಹಾರ ಕೊಡಬಹುದು. ಆಗಿಹೋದ ನಷ್ಟದ ಲೆಕ್ಕ ಹಾಕಿ ಕೊಟ್ಟರೆ ಮುಂದಿನ ನಡವಳಿಕೆ ಯಾವುದೂ ಕೆಡುವುದಿಲ್ಲ.

ಖಜಾನೆಗೆ ಬಂದ ಹಣವನ್ನು ಏನು ಮಾಡುತ್ತಾರೆ ಅನ್ನೋದೂ ತೆರಿಗೆಯಷ್ಟೇ ಮುಖ್ಯ. ಕೆನಡಾದ ಬ್ರಿಟಿಷ್ ಕೊಲಂಬಿಯಾ 2008ರಲ್ಲಿ ಟನ್ನಿಗೆ 10 ಡಾಲರ್ ಕಾರ್ಬನ್ ತೆರಿಗೆ ತಂದಾಗ, ಬಂದ ಹಣವನ್ನು ಬೇರೆ ತೆರಿಗೆ ಇಳಿಸಿ ಜನರಿಗೆ ವಾಪಸ್ ಕೊಟ್ಟಿತು. ಅದು ಬಹಳ ವರ್ಷ ನಿಂತಿತು. ಹಾಗಿದ್ದೂ 2025ರ ಏಪ್ರಿಲ್‌ನಲ್ಲಿ ಜನಸಾಮಾನ್ಯರ ಇಂಧನದ ಮೇಲಿನ ಆ ತೆರಿಗೆಯನ್ನು ಕೈಬಿಟ್ಟರು. ಫ್ರಾನ್ಸ್‌ನಲ್ಲಿ 2018ರಲ್ಲಿ ಇಂಧನ ತೆರಿಗೆ ಏರಿಸಲು ಹೊರಟಾಗ ಹಳದಿ ಜಾಕೆಟ್ ಹಾಕಿಕೊಂಡು ಬೀದಿಗಿಳಿದವರಲ್ಲಿ ಬಹಳ ಜನಕ್ಕೆ ಕಾರು ಬಿಟ್ಟರೆ ಕೆಲಸಕ್ಕೆ ಹೋಗಲು ಬೇರೆ ದಾರಿ ಇರಲಿಲ್ಲ. ಏರಿಕೆ ನಿಂತಿತು. ಸ್ಟಾಕ್‌ಹೋಮ್ ಬೇರೆ ಥರ ಮಾಡಿತು. ನಗರದ ಒಳಗೆ ಬರುವ ವಾಹನಗಳಿಗೆ ಶುಲ್ಕ ಅಂದಾಗ ಮೊದಲು ವಿರೋಧವೇ ಜಾಸ್ತಿ ಇತ್ತು. ಬಸ್ಸು ಹೆಚ್ಚಿಸಿ, 2006ರಲ್ಲಿ ಏಳು ತಿಂಗಳು ಪ್ರಯೋಗ ಮಾಡಿ, ಆಮೇಲೆ ಮತ ಕೇಳಿದರು. ಅಷ್ಟರಲ್ಲಿ ವಾಹನಗಳು ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಗಿದ್ದವು, ರಸ್ತೆ ಖಾಲಿಯಾದದ್ದನ್ನು ಜನ ಕಣ್ಣಾರೆ ನೋಡಿದ್ದರು. ನಗರದವರು ಒಪ್ಪಿದರು, 2007ರಿಂದ ಅದು ಖಾಯಂ ಆಯಿತು.

ನಿಮ್ಮ ನದಿಗೆ ನಾನಾದರೆ ಹೀಗೆ ಬರೆಯುತ್ತೇನೆ: ವಿಷದ ಲೋಹಗಳಿಗೆ ನಿಷೇಧ, ಉಳಿದ ಕೊಳೆಗೆ ಕೊಳವೆಯ ಬಾಯಲ್ಲೇ ಮೀಟರ್ ಇಟ್ಟು ಪ್ರಮಾಣಕ್ಕೆ ತಕ್ಕ ಶುಲ್ಕ, ಯಾವ ಜಾಗದಲ್ಲೂ ಮೀರಬಾರದ ಮಿತಿ, ಹಿಂದಿನ ನಷ್ಟಕ್ಕೆ ಮೀನುಗಾರರಿಗೆ ಪರಿಹಾರ.

ಬ್ಲೋವರ್ ಸದ್ದು:

ಇದಕ್ಕೆ ಒಂದು ಸೇರಿಸಿ. ಆ ಮೀಟರಿನ ಅಂಕಿ ಕಾರ್ಖಾನೆಯ ಕಚೇರಿಗೆ ಮಾತ್ರ ಹೋಗದೆ, ಕೆಳಗಡೆ ಬಲೆ ಬೀಸುವವರ ಫೋನಿಗೂ ಅದೇ ಗಳಿಗೆಯಲ್ಲಿ ಬರಲಿ. ರಾತ್ರಿ ಎರಡು ಗಂಟೆಗೆ ಬ್ಲೋವರ್ ನಿಂತರೆ ಮೊದಲು ಗೊತ್ತಾಗಬೇಕಾದವರು ಅವರು.